ನೋಯಿಸುವ ನಗೆಗೆ ಜೈಲು ಮದ್ದೇ?

ಓದುಗರ ಪ್ರಶ್ನೆ – ಅಂಕಣಕಾರರ ಉತ್ತರ

ಜಾಲತಾಣದಲ್ಲಿ ಹರಿದಾಡುವ ಅವಹೇಳನದ ಜೋಕುಗಳಿಗೆ ಜೈಲು ಶಿಕ್ಷೆ ಇರಬೇಕೇ ಎಂದು ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಕೇಳಿದ್ದರು. 'ಬರೀ ಮನಸ್ಸಿಗೆ ನೋವಾಯಿತೆಂಬ ಕಾರಣಕ್ಕೆ ಯಾರನ್ನೂ ಜೈಲಿಗೆ ಕಳಿಸಬಾರದು' ಎಂದು ನಾನು ಎರಡೇ ಸಾಲಿನಲ್ಲಿ ಉತ್ತರಿಸಿದ್ದೆ. ಇಷ್ಟು ದೊಡ್ಡ ವಿಷಯವನ್ನು ಅಷ್ಟು ಚುಟುಕಾಗಿ ಮುಗಿಸಬಾರದಿತ್ತು ಎಂಬುದು ಬಂದ ಪತ್ರಗಳನ್ನು ಓದಿದಾಗ ಮನವರಿಕೆಯಾಯಿತು. ಆದ್ದರಿಂದ ಈ ಸಲ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಹದಿನಾಲ್ಕು ವರ್ಷ. ಚಿಕ್ಕಂದಿನಲ್ಲಿ ನಡೆದ ಬೆಂಕಿ ಅವಘಡದಲ್ಲಿ ಅವನ ಮುಖದ ಎಡಭಾಗ ಸುಟ್ಟಿತ್ತು. ಆ ಕಲೆ ಹಾಗೆಯೇ ಉಳಿದಿದೆ. ಶಾಲೆಯ ಕ್ರೀಡಾಕೂಟದ ಫೋಟೊ ಒಂದರಿಂದ ಅವನ ಮುಖವನ್ನಷ್ಟೇ ಕತ್ತರಿಸಿ, ಕೆಳಗೆ ಒಂದು ಸಾಲು ಬರೆದು, ಯಾರೋ ಮೀಮ್ ಮಾಡಿ ಹರಿಯಬಿಟ್ಟರು. ಆ ಸಾಲನ್ನು ಇಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ಎರಡೇ ದಿನದಲ್ಲಿ ಅದು ಅವನ ತರಗತಿಯ ಗ್ರೂಪಿಗೂ ಬಂತು. ದೂರು ಕೊಡಲು ಹೋದರೆ, 'ಹುಡುಗರು ತಮಾಷೆ ಮಾಡಿದ್ದಾರೆ, ಬಿಟ್ಟುಬಿಡಿ ಅಮ್ಮ' ಎಂದು ಕಳಿಸಿದರು. ಮಾಡಿದವರಿಗೆ ಜೈಲಾಗಬೇಕೆಂದು ನಾನು ಬಯಸುವುದು ತಪ್ಪೇ?

ಉತ್ತರ: ನಿಮ್ಮ ಬಯಕೆ ತಪ್ಪಲ್ಲ, ತಾಯಿ. ನಿಮ್ಮ ಪತ್ರವನ್ನು ಓದಿದ ಮೇಲೆ ನನ್ನ ಹಳೆಯ ಎರಡು ಸಾಲುಗಳು ನನಗೇ ಒರಟಾಗಿ ಕಂಡವು.

'ತಮಾಷೆ' ಎಂಬ ಪದವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಅಲ್ಲಿ ನಡೆದದ್ದೇನು ಎಂದು ಮಾತ್ರ ನೋಡೋಣ. ಒಬ್ಬ ಬಾಲಕನ ಫೋಟೊವನ್ನು ಅವನಿಗೂ ಮನೆಯವರಿಗೂ ತಿಳಿಸದೆ ತೆಗೆದುಕೊಂಡಿದ್ದಾರೆ, ಅವನ ಗಾಯವನ್ನೇ ಗುರಿ ಮಾಡಿಕೊಂಡಿದ್ದಾರೆ, ಅವನು ದಿನಬೆಳಗಾದರೆ ಹೋಗಿ ಕೂರಲೇಬೇಕಾದ ತರಗತಿಗೆ ಅದನ್ನು ತಲುಪಿಸಿದ್ದಾರೆ. ಈ ಮೂರೂ ಕೃತ್ಯಗಳು; ಜೋಕು ಅವುಗಳ ಮೇಲೆ ಸುತ್ತಿದ ಬಣ್ಣದ ಕಾಗದವಷ್ಟೇ. ಕಾಗದದ ಮೇಲೆ 'ತಮಾಷೆ' ಎಂದು ಬರೆದಿದೆ ಎಂಬ ಕಾರಣಕ್ಕೆ ಒಳಗಿರುವುದನ್ನು ನೋಡದೆ ದೂರನ್ನು ಹಿಂತಿರುಗಿಸಿದ್ದು ತಪ್ಪು. ಒಬ್ಬ ವ್ಯಕ್ತಿಯನ್ನು ಗುರಿಯಾಗಿಸಿ ಕಿರುಕುಳ ಕೊಡುವುದು ಮತ್ತು ಖಾಸಗಿತನಕ್ಕೆ ಕೈ ಹಾಕುವುದರ ವಿರುದ್ಧ ಬಹುತೇಕ ದೇಶಗಳ ಕಾನೂನಿನಲ್ಲಿ ಒಂದಲ್ಲ ಒಂದು ದಾರಿ ಇದ್ದೇ ಇರುತ್ತದೆ. ಗುರಿಯಾದವರು ಮಕ್ಕಳಾದರೆ ಆ ದಾರಿ ಇನ್ನಷ್ಟು ಅಗಲವಾಗಿರುತ್ತದೆ. ಅದಕ್ಕಾಗಿ 'ಅವಹೇಳನದ ಜೋಕು' ಎಂಬ ಹೊಸ ಅಪರಾಧವನ್ನು ಸೃಷ್ಟಿಸಬೇಕಾಗಿಲ್ಲ.

ನಿಮ್ಮ ಸಂಕಟವನ್ನು ಹೋಲುವ ಮೊಕದ್ದಮೆಯೊಂದು ಕೆನಡಾದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಕ್ವಿಬೆಕ್ ಪ್ರಾಂತ್ಯದ ಹಾಸ್ಯಗಾರ ಮೈಕ್ ವಾರ್ಡ್, ಮುಖದ ಮೂಳೆಗಳ ಬೆಳವಣಿಗೆಯನ್ನು ಕುಂಠಿತಗೊಳಿಸುವ ಹುಟ್ಟು ಕಾಯಿಲೆಯಿದ್ದ ಬಾಲಗಾಯಕನೊಬ್ಬನ ಬಗ್ಗೆ 2010 ರಿಂದ 2013 ರವರೆಗಿನ ತಮ್ಮ ಪ್ರದರ್ಶನಗಳಲ್ಲಿ ಕಟುವಾದ ಜೋಕುಗಳನ್ನು ಹೇಳಿದ್ದರು. ವಿಡಿಯೊಗಳು ಜಾಲತಾಣದಲ್ಲೂ ಇದ್ದವು. ಶಾಲೆಯಲ್ಲಿ ಸಹಪಾಠಿಗಳು ಅದೇ ಮಾತುಗಳನ್ನು ತನ್ನೆದುರಿಗೆ ಎತ್ತಿ ಆಡುತ್ತಿದ್ದರೆಂದು ಆ ಹುಡುಗ ನಂತರ ಹೇಳಿಕೊಂಡ. 2016 ರಲ್ಲಿ ಪ್ರಾಂತ್ಯದ ಮಾನವ ಹಕ್ಕುಗಳ ನ್ಯಾಯಮಂಡಳಿಯು ಅವನಿಗೆ 35,000 ಡಾಲರ್ ಪರಿಹಾರ ಕೊಡುವಂತೆ ಆದೇಶಿಸಿತು. ಆದರೆ 2021 ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹಾಸ್ಯಗಾರನ ಪರವಾಗಿ ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಒಂದು ಕಡೆಗಾದರೆ ನಾಲ್ವರು ಇನ್ನೊಂದು ಕಡೆಗಿದ್ದರು. ಹುಡುಗನನ್ನು ಆರಿಸಿಕೊಂಡದ್ದು ಅವನು ಹೆಸರಾಂತ ಗಾಯಕ ಎಂಬ ಕಾರಣಕ್ಕೇ ಹೊರತು ಅಂಗವೈಕಲ್ಯದ ಕಾರಣಕ್ಕಲ್ಲ, ಅವನನ್ನು ಮನುಷ್ಯನೇ ಅಲ್ಲವೆಂಬಂತೆ ಕಾಣಲು ಆ ಜೋಕುಗಳು ಕೇಳುಗರನ್ನು ಪ್ರಚೋದಿಸಲಿಲ್ಲ ಎಂಬುದು ಬಹುಮತದ ನಿಲುವಾಗಿತ್ತು.

ನನ್ನ ಮನಸ್ಸು ಆ ನಾಲ್ವರ ಕಡೆಗೇ ವಾಲುತ್ತದೆ. ಕಾರಣವೇನೆಂದರೆ, ಆ ಮೊಕದ್ದಮೆಯಲ್ಲಿ ಯಾರೂ ಹಾಸ್ಯಗಾರನನ್ನು ಜೈಲಿಗೆ ಹಾಕಿ ಎಂದು ಕೇಳಿರಲಿಲ್ಲ. ನೊಂದವನ ಕೈಗೆ ಪರಿಹಾರ ಸೇರಬೇಕೆಂಬುದಷ್ಟೇ ಅಲ್ಲಿನ ಪ್ರಶ್ನೆಯಾಗಿತ್ತು, ಆ ಪ್ರಶ್ನೆಗೆ ಹೌದೆನ್ನುವುದು ಮಾತಿನ ಸ್ವಾತಂತ್ರ್ಯಕ್ಕೆ ಅಂಥ ದೊಡ್ಡ ಪೆಟ್ಟೇನೂ ಆಗುತ್ತಿರಲಿಲ್ಲ. ನಿಮ್ಮ ಮಗನಂತೂ ಹೆಸರಾಂತ ವ್ಯಕ್ತಿಯೂ ಅಲ್ಲ. ಅವನನ್ನು ಆರಿಸಿಕೊಂಡದ್ದು ಆ ಕಲೆಗಾಗಿಯೇ. ಆದ್ದರಿಂದ ಆ ಐವರ ತರ್ಕವನ್ನೇ ಹಿಡಿದು ಹೊರಟರೂ ನಿಮ್ಮ ದೂರು ಬೀಳುವುದಿಲ್ಲ.

ಈಗ ಜೈಲಿನ ಮಾತು. ಆ ಮೀಮ್ ಮಾಡಿದವನೂ ಅದೇ ಶಾಲೆಯ ಹದಿನೈದು ವರ್ಷದ ಹುಡುಗನಾಗಿರಬಹುದು. ಅವನನ್ನು ಬಂಧಿಸಿದರೆ ನಿಮ್ಮ ಮಗನ ಕಷ್ಟ ಅಲ್ಲಿಗೆ ಮುಗಿಯುತ್ತದೆಯೇ? 'ಇವನಿಂದಾಗಿ ಅವನು ಠಾಣೆ ಹತ್ತಿದ' ಎಂಬ ಹೊಸ ಮಾತು ಅದೇ ತರಗತಿಯಲ್ಲಿ ಹುಟ್ಟುವ ಅಪಾಯವೇ ಹೆಚ್ಚು. ನಿಮ್ಮ ಮಗನಿಗೆ ಮೊದಲು ಬೇಕಾಗಿರುವುದು ಆ ಚಿತ್ರ ಇದ್ದಲ್ಲೆಲ್ಲ ಅಳಿಸಿಹೋಗುವುದು, ಅದೂ ಗಂಟೆಗಳ ಲೆಕ್ಕದಲ್ಲಿ. ಮಾಡಿದವರು ಅವನೆದುರು ನಿಂತು ತಪ್ಪೊಪ್ಪಿಕೊಳ್ಳುವುದೂ, 'ಇದು ತಮಾಷೆಯಲ್ಲ' ಎಂದು ಶಾಲೆಯ ದೊಡ್ಡವರು ಎಲ್ಲರಿಗೂ ಕೇಳುವಂತೆ ಹೇಳುವುದೂ ಅನಂತರದ್ದು. ನಿಲ್ಲಿಸಿ ಎಂದು ತಿಳಿಸಿದ ಮೇಲೂ ಅದೇ ಕೆಲಸ ಮುಂದುವರಿದರೆ, ಬೇರೆ ಬೇರೆ ಖಾತೆಗಳಿಂದ ಮತ್ತೆ ಮತ್ತೆ ಬಂದರೆ, ಆಗ ಅದು ಬೇಟೆಯಾಗುತ್ತದೆ. ಬೇಟೆಗೆ ಕ್ರಿಮಿನಲ್ ಕಾನೂನು ಬರಲೇಬೇಕು, ಶಿಕ್ಷೆಯೂ ಆಗಬೇಕು.

ಈಗಲೇ ಮಾಡಬೇಕಾದ ಕೆಲಸವೊಂದಿದೆ. ಪೋಸ್ಟ್ ಹಾಕಿದವರಿಗೆ ಉತ್ತರ ಬರೆಯಬೇಡಿ. ಖಾತೆಯ ಹೆಸರು, ದಿನಾಂಕ, ಸಮಯ, ಕೊಂಡಿ ಎಲ್ಲವೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಅನಂತರವೇ ಅದನ್ನು ತೆಗೆಸಲು ಜಾಲತಾಣಕ್ಕೆ ದೂರು ಕೊಡಿ. ಈ ಕ್ರಮ ತಿರುವುಮುರುವಾದರೆ ಪೋಸ್ಟ್ ಮಾಯವಾಗುತ್ತದೆ, ಅದರೊಂದಿಗೆ ಸಾಕ್ಷ್ಯವೂ ಮಾಯವಾಗುತ್ತದೆ. ಠಾಣೆಗೆ ಮತ್ತೆ ಹೋಗುವಾಗ ದೂರನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬರಹದಲ್ಲಿ 'ಜೋಕು' ಎಂಬ ಪದವನ್ನು ಬಳಸಲೇಬೇಡಿ; 'ನನ್ನ ಅಪ್ರಾಪ್ತ ಮಗನ ಫೋಟೊವನ್ನು ಅನುಮತಿಯಿಲ್ಲದೆ ತೆಗೆದು, ತಿರುಚಿ, ಅವನಿಗೆ ಕಿರುಕುಳ ಕೊಡಲು ಹಂಚಲಾಗಿದೆ' ಎಂದೇ ಬರೆಯಿರಿ.

ಪ್ರಶ್ನೆ: ನಾನು ನಿವೃತ್ತ ಸರ್ಕಾರಿ ನೌಕರ. ಹಿಂದೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 66ಎ ಎಂಬ ಸೆಕ್ಷನ್ ಇತ್ತು. ಕೆಟ್ಟ ಸಂದೇಶ ಹಾಕಿದವರಿಗೆ ಮೂರು ವರ್ಷದವರೆಗೆ ಜೈಲು ಎಂಬ ಭಯವಾದರೂ ಇತ್ತು. ಅದನ್ನು ರದ್ದು ಮಾಡಿದ ಮೇಲೆ ಜನರ ನಾಲಿಗೆಗೆ ಲಂಗುಲಗಾಮಿಲ್ಲದಂತಾಗಿದೆ. ಅಂಥ ಕಾನೂನು ಮತ್ತೆ ಬರಬೇಕಲ್ಲವೇ?

ಉತ್ತರ: ನಿಮ್ಮ ಕಳವಳ ನನ್ನದೂ ಹೌದು, ಆದರೆ ಮದ್ದಿನ ವಿಷಯದಲ್ಲಿ ನಾನು ನಿಮ್ಮೊಂದಿಗಿಲ್ಲ. ಯಾಕೆಂದು ಹೇಳಲು ಆ ಸೆಕ್ಷನ್ನಿನ ಮೂಲಕ್ಕೆ ಹೋಗಬೇಕು.

ಬ್ರಿಟನ್ನಿನಲ್ಲಿ 1935 ರಲ್ಲಿ ಅಂಚೆ ಇಲಾಖೆಯ ಕಾಯ್ದೆಗೆ ಒಂದು ತಿದ್ದುಪಡಿ ತಂದರು. ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಕರೆ ಜೋಡಿಸುತ್ತಿದ್ದ ಆಪರೇಟರುಗಳಿಗೆ ಅಸಭ್ಯವಾಗಿ ಮಾತನಾಡುವವರನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಕಿವಿಗೆ ಉಪಕರಣ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದ ಆಪರೇಟರ್ ಕರೆಯನ್ನು ಕತ್ತರಿಸಿ ಎದ್ದುಹೋಗುವಂತಿರಲಿಲ್ಲ. ಅವರಿಗೆ ರಕ್ಷಣೆ ಬೇಕೇ ಬೇಕಿತ್ತು. ಅದೇ ಪದಗಳು ಒಂದು ಕಾಯ್ದೆಯಿಂದ ಇನ್ನೊಂದಕ್ಕೆ ಸಾಗುತ್ತಾ 2003 ರ ಸಂಪರ್ಕ ಕಾಯ್ದೆಯ 127 ನೇ ಸೆಕ್ಷನ್ ಆದವು. ಅಲ್ಲಿನ 'ತೀರಾ ಅವಹೇಳನಕಾರಿ' ಎಂಬ ಮಾತು, 2009 ರಲ್ಲಿ ಜಾರಿಗೆ ಬಂದ ಭಾರತದ 66ಎ ಯಲ್ಲೂ ಸೇರಿಕೊಂಡಿತು. ಒಬ್ಬ ಆಪರೇಟರಿನ ಕಿವಿಯನ್ನು ಕಾಪಾಡಲು ಹೊಲಿದ ಅಂಗಿಯನ್ನು ಕೋಟ್ಯಂತರ ಜನ ಒಟ್ಟಿಗೆ ಮಾತನಾಡುವ ಜಾಗಕ್ಕೆ ತೊಡಿಸಿದಂತಾಯಿತು.

ಅದರಿಂದ ಏನಾಯಿತು ಎಂಬುದಕ್ಕೆ ಪಾಲ್ ಚೇಂಬರ್ಸ್ ಎಂಬ ಯುವಕನ ಕಥೆ ಸಾಕು. 2010 ರ ಜನವರಿಯಲ್ಲಿ ಹಿಮ ಬಿದ್ದು ಇಂಗ್ಲೆಂಡಿನ ರಾಬಿನ್ ಹುಡ್ ವಿಮಾನ ನಿಲ್ದಾಣ ಮುಚ್ಚಿತ್ತು. ಗೆಳತಿಯನ್ನು ನೋಡಲು ಹೊರಡಬೇಕಿದ್ದ ಆತ ಬೇಸರದಲ್ಲಿ, ಒಂದು ವಾರದೊಳಗೆ ಸರಿಮಾಡದಿದ್ದರೆ ನಿಲ್ದಾಣವನ್ನೇ ಉಡಾಯಿಸಿಬಿಡುತ್ತೇನೆ ಎಂಬ ಅರ್ಥದ ಮಾತನ್ನು ಟ್ವಿಟರಿನಲ್ಲಿ ಬರೆದ. ನಿಲ್ದಾಣದ ಸಿಬ್ಬಂದಿಯೊಬ್ಬರ ಕಣ್ಣಿಗೆ ಅದು ಬಿದ್ದದ್ದೇ ಕೆಲವು ದಿನಗಳ ನಂತರ. ಅದು ನಿಜವಾದ ಬೆದರಿಕೆಯಲ್ಲವೆಂದು ಭದ್ರತೆಯವರೇ ಗುರುತು ಹಾಕಿಕೊಂಡಿದ್ದರು. ಹಾಗಿದ್ದೂ ಬಂಧನವಾಯಿತು, ಮೊಕದ್ದಮೆ ನಡೆಯಿತು, 385 ಪೌಂಡ್ ದಂಡ ಬಿತ್ತು, ಕೆಲಸ ಹೋಯಿತು. ಓದಿದ ಯಾರಲ್ಲೂ ಭಯ ಹುಟ್ಟಿಸದ ಮಾತು ಬೆದರಿಕೆ ಎನಿಸಿಕೊಳ್ಳಲಾರದು ಎಂದು ಹೈಕೋರ್ಟ್ ಹೇಳಿ ಶಿಕ್ಷೆಯನ್ನು ರದ್ದುಪಡಿಸಿದ್ದು 2012 ರ ಜುಲೈನಲ್ಲಿ. ಒಂದು ಸಾಲಿಗೆ ಎರಡೂವರೆ ವರ್ಷ.

ವಕೀಲಿಕೆ ಮಾಡುತ್ತಿದ್ದ ದಿನಗಳಲ್ಲಿ ನಾನು ಇದನ್ನು ಹತ್ತಿರದಿಂದ ಕಂಡಿದ್ದೇನೆ. ನನ್ನ ಕಕ್ಷಿದಾರ ಇಪ್ಪತ್ತೆರಡರ ಹುಡುಗ, ಅಧಿಕಾರದಲ್ಲಿದ್ದವರೊಬ್ಬರ ಬಗ್ಗೆ ಯಾರೋ ಬರೆದ ಜೋಕನ್ನು ಗೆಳೆಯರ ಗ್ರೂಪಿಗೆ ಕಳಿಸಿದ್ದ. ಅವನ ಫೋನನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಅರಗು ಮುದ್ರೆ ಒತ್ತಿ ತೆಗೆದುಕೊಂಡು ಹೋದರು. ದೋಷಾರೋಪ ಪಟ್ಟಿಯಲ್ಲಿ ಆ ಜೋಕನ್ನು ಅಕ್ಷರ ಬಿಡದೆ ನಕಲು ಮಾಡಿದ್ದರು. ವಿಚಾರಣೆಯ ದಿನ ಅದನ್ನು ಗಟ್ಟಿಯಾಗಿ ಓದಿದಾಗ ಕಟಕಟೆಯಲ್ಲಿ ನಿಂತಿದ್ದ ಹುಡುಗ ತಲೆ ತಗ್ಗಿಸಿದ; ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವನ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಮೂರು ವರ್ಷಗಳ ನಂತರ ಖುಲಾಸೆಯಾಯಿತು. ಅಷ್ಟರಲ್ಲಿ ಅವನು ಎರಡು ಕೆಲಸಗಳನ್ನು ಕಳೆದುಕೊಂಡಿದ್ದ. 'ತಪ್ಪಿಲ್ಲ ಎಂದ ಮೇಲೆ ಈ ಮೂರು ವರ್ಷ ಯಾವ ಲೆಕ್ಕಕ್ಕೆ ಸಾರ್?' ಎಂದು ಅವನು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಶಿಕ್ಷೆಯಾಗುವುದು ತೀರ್ಪು ಬಂದ ದಿನ ಎಂದು ಕಾನೂನು ಪುಸ್ತಕ ಹೇಳುತ್ತದೆ; ಇಂಥ ಪ್ರಕರಣಗಳಲ್ಲಿ ಅದು ಎಫ್‌ಐಆರ್ ದಾಖಲಾದ ದಿನವೇ ಶುರುವಾಗಿರುತ್ತದೆ.

ನೋವನ್ನೇ ಅಳತೆಗೋಲು ಮಾಡಿಕೊಂಡ ಕಾನೂನಿನ ದೊಡ್ಡ ತೊಂದರೆ ಇದು: ಆ ಕೋಲನ್ನು ಹಿಡಿದಿರುವವರು ಯಾರು? ಪೊಲೀಸರಿಗೆ ಫೋನ್ ಮಾಡಿದರೆ ಕೆಲಸವಾಗುವಷ್ಟು ಪ್ರಭಾವ ಇರುವವರ ನೋವು ಅಂದೇ ದಾಖಲಾಗುತ್ತದೆ. ಈ ಅಂಕಣದ ಮೊದಲ ಪತ್ರದ ತಾಯಿಯ ನೋವಿಗೆ 'ಬಿಟ್ಟುಬಿಡಿ ಅಮ್ಮ' ಎಂಬ ಉತ್ತರ ಸಿಗುತ್ತದೆ. ಇದೇ ಕಾನೂನನ್ನು ಇನ್ನಷ್ಟು ಬಿಗಿಗೊಳಿಸಿದರೆ ಆ ತಾಯಿಗೆ ಒದಗುವುದು ಏನೂ ಇಲ್ಲ, ಪ್ರಭಾವಿಗಳ ಕೈಗೆ ಮಾತ್ರ ಇನ್ನೊಂದು ಬೆತ್ತ ಸಿಗುತ್ತದೆ. ಒಬ್ಬರಿಗೆ ಅವಹೇಳನವಾಗಿ ಕಂಡದ್ದು ಇನ್ನೊಬ್ಬರಿಗೆ ಹಾಗೆ ಕಾಣದಿರಬಹುದು ಎಂಬ ಕಾರಣಕ್ಕೇ 2015 ರ ಮಾರ್ಚ್ 24 ರಂದು ಭಾರತದ ಸುಪ್ರೀಂ ಕೋರ್ಟ್ 66ಎ ಯನ್ನು ಅಸಾಂವಿಧಾನಿಕವೆಂದು ತೆಗೆದುಹಾಕಿತು. ಚರ್ಚಿಸುವುದು, ಪ್ರತಿಪಾದಿಸುವುದು, ಪ್ರಚೋದಿಸುವುದು – ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಿ, ಮಾತು ಪ್ರಚೋದನೆಯ ಹಂತ ಮುಟ್ಟಿದಾಗ ಮಾತ್ರ ಅದಕ್ಕೆ ಕಡಿವಾಣ ಹಾಕಬಹುದು ಎಂದು ಆ ತೀರ್ಪು ಹೇಳಿತು. ಆ ಮೇಲೂ ವರ್ಷಗಟ್ಟಲೆ ಠಾಣೆಗಳಲ್ಲಿ ಅದೇ ಸೆಕ್ಷನ್ನಿನಡಿ ಪ್ರಕರಣಗಳು ದಾಖಲಾಗುತ್ತಲೇ ಇದ್ದವು. 2022 ರ ಅಕ್ಟೋಬರಿನಲ್ಲಿ ಕೋರ್ಟ್ ಮತ್ತೊಮ್ಮೆ ಆದೇಶ ಹೊರಡಿಸಬೇಕಾಯಿತು. ಸತ್ತ ಕಾನೂನೂ ಇಷ್ಟು ಕಾಲ ಜನರನ್ನು ಕಾಡಬಲ್ಲುದಾದರೆ, ಅದಕ್ಕೆ ಮತ್ತೆ ಜೀವ ಕೊಡುವ ಮಾತನ್ನು ನಾನು ಹೇಗೆ ಒಪ್ಪಲಿ?

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಚೇಂಬರ್ಸ್ ಪ್ರಕರಣದ ಮುಖಭಂಗದ ನಂತರ, 2013 ರ ಜೂನ್‌ನಲ್ಲಿ ಇಂಗ್ಲೆಂಡಿನ ಪ್ರಾಸಿಕ್ಯೂಷನ್ ಇಲಾಖೆ ಒಂದು ಮಾರ್ಗಸೂಚಿ ಹೊರಡಿಸಿತು. ನಂಬಬಹುದಾದ ಬೆದರಿಕೆ, ನಿರ್ದಿಷ್ಟ ವ್ಯಕ್ತಿಯನ್ನು ಗುರಿಯಾಗಿಸಿದ ಕಿರುಕುಳ, ನ್ಯಾಯಾಲಯದ ಆದೇಶದ ಉಲ್ಲಂಘನೆ – ಇವುಗಳನ್ನು ಗಟ್ಟಿಯಾಗಿ ಬೆನ್ನುಹತ್ತಬೇಕು. ಉಳಿದ ಬರೀ ಅವಹೇಳನದ ಮಾತುಗಳನ್ನು ಕೋರ್ಟಿಗೆ ಒಯ್ಯಬೇಕಾದರೆ ಬಹಳ ಎತ್ತರದ ಹೊಸ್ತಿಲನ್ನು ದಾಟಬೇಕು ಎಂಬುದು ಅದರ ಸಾರ. ನಾನು ಕಂಡ ಮಟ್ಟಿಗೆ ಈ ವಿಂಗಡಣೆ ಅತ್ಯಂತ ವಿವೇಕದ್ದು. ಅಲ್ಲಿ ಕೇಳುವುದು ಆ ಮಾತು ಎಷ್ಟು ಹೊಲಸು ಎಂದಲ್ಲ, ಆ ಮಾತಿನಿಂದ ಯಾರಿಗೆ ಏನು ಮಾಡಿದಿರಿ ಎಂದು.

ಪ್ರಶ್ನೆ: ಒಬ್ಬ ವ್ಯಕ್ತಿಯ ವಿಷಯ ಬಿಡಿ. ಇಡೀ ಸಮುದಾಯವನ್ನೇ ಹುಳುಹುಪ್ಪಟೆಯಂತೆ ತೋರಿಸುವ ಜೋಕುಗಳನ್ನು ದಿನವೂ ನೋಡುತ್ತಿದ್ದೇವೆ. ಕೇಳಿದರೆ 'ಹಾಸ್ಯಪ್ರಜ್ಞೆ ಇಲ್ಲವೇ' ಎನ್ನುತ್ತಾರೆ. ಇದಕ್ಕೂ ಶಿಕ್ಷೆ ಬೇಡವೆನ್ನುವಿರಾ?

ಉತ್ತರ: ಈ ಪ್ರಶ್ನೆಯ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ನಗೆ ಎಂದರೆ ನಿರುಪದ್ರವಿ ಎಂದು ನಂಬುವವರಲ್ಲಿ ನಾನೂ ಒಬ್ಬನಾಗಿದ್ದರೆ ಉತ್ತರ ಸುಲಭವಿತ್ತು. ಇತಿಹಾಸ ಹಾಗೆ ನಂಬಲು ಬಿಡುವುದಿಲ್ಲ.

ಜರ್ಮನಿಯಲ್ಲಿ 1923 ರಲ್ಲಿ ಯೂಲಿಯುಸ್ ಸ್ಟ್ರೈಶರ್ ಆರಂಭಿಸಿದ 'ಡೆರ್ ಸ್ಟ್ಯೂರ್ಮರ್' ಪತ್ರಿಕೆ ವಾರವಾರವೂ ಯಹೂದಿಗಳನ್ನು ವಿಕಾರವಾದ ವ್ಯಂಗ್ಯಚಿತ್ರಗಳಲ್ಲಿ ತೋರಿಸುತ್ತಿತ್ತು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್ ನ್ಯಾಯಮಂಡಳಿ ಅವನನ್ನು ಮಾನವಕುಲದ ವಿರುದ್ಧದ ಅಪರಾಧಕ್ಕೆ ತಪ್ಪಿತಸ್ಥನೆಂದು ತೀರ್ಮಾನಿಸಿ, 1946 ರಲ್ಲಿ ಗಲ್ಲಿಗೇರಿಸಿತು. 1993 ರಲ್ಲಿ ಶುರುವಾದ ರುವಾಂಡಾದ ಆರ್‌ಟಿಎಲ್‌ಎಂ ರೇಡಿಯೊ, ಹಾಡು, ಹರಟೆ, ನಗೆಚಾಟಿಕೆಗಳಿಂದ ಜನಪ್ರಿಯವಾಗಿತ್ತು. ಅದೇ ಹರಟೆಯ ಧಾಟಿಯಲ್ಲೇ ಟುಟ್ಸಿ ಜನರನ್ನು 'ಜಿರಳೆ'ಗಳೆಂದು ಕರೆಯುತ್ತಿತ್ತು. ಮರುವರ್ಷ ನರಮೇಧ ನಡೆದಾಗ ಕೊಲ್ಲಬೇಕಾದವರು ಎಲ್ಲಿ ಅಡಗಿದ್ದಾರೆಂದು ಸೂಚನೆ ಕೊಟ್ಟದ್ದೂ ಅದೇ ರೇಡಿಯೊ. ತಿಂಗಳುಗಟ್ಟಲೆ ಮನುಷ್ಯರನ್ನು ಜಿರಳೆ ಎಂದು ಕರೆದು ನಕ್ಕವರಿಗೆ, ಜಿರಳೆಯನ್ನು ಹೊಸಕಬೇಕೆಂಬ ಆಜ್ಞೆ ಬಂದಾಗ ಕೈ ನಡುಗಲಿಲ್ಲ. ಆ ಬಾನುಲಿಯನ್ನು ನಡೆಸಿದವರಿಗೆ 2003 ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ವಿಧಿಸಿತು. ಅದು ಸರಿಯಾದ ಶಿಕ್ಷೆ. ಅದನ್ನು ಹೇಳಲು ನನಗೆ ಹಿಂಜರಿಕೆಯಿಲ್ಲ.

ಹಾಗಾದರೆ ಗೆರೆ ಎಲ್ಲಿ? ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಆಶ್ರಯದಲ್ಲಿ 2012 ರಲ್ಲಿ ಮೊರಾಕೊದ ರಬಾತ್ ನಗರದಲ್ಲಿ ತಜ್ಞರು ಕೂತು ಇದಕ್ಕೆ ಒಂದು ಒರೆಗಲ್ಲನ್ನು ಸಿದ್ಧಪಡಿಸಿದರು. ಮಾತು ಹುಟ್ಟಿದ ಸಂದರ್ಭ ಯಾವುದು, ಆಡಿದವರ ಸ್ಥಾನವೇನು, ಅವರ ಉದ್ದೇಶವೇನು, ಮಾತಿನ ತಿರುಳೂ ರೂಪವೂ ಎಂಥವು, ಅದು ಎಷ್ಟು ಜನರನ್ನು ಮುಟ್ಟಿತು, ಅದರಿಂದ ಕೇಡು ಸಂಭವಿಸುವ ಸಾಧ್ಯತೆ ಎಷ್ಟು – ಈ ಆರನ್ನೂ ಒಟ್ಟಿಗೆ ನೋಡಿಯೇ ಕ್ರಿಮಿನಲ್ ಶಿಕ್ಷೆಯ ಮಾತೆತ್ತಬೇಕು ಎಂಬುದು ಅವರ ಸಲಹೆ. ಲಕ್ಷಾಂತರ ಹಿಂಬಾಲಕರಿರುವ ನಾಯಕನೊಬ್ಬ ಗಲಭೆ ಹೊತ್ತಿಕೊಂಡಿರುವ ದಿನ ಹೇಳಿದ ಜೋಕೂ, ನಲವತ್ತು ಜನ ನೋಡುವ ಖಾತೆಯಲ್ಲಿ ಕಾಲೇಜು ಹುಡುಗನೊಬ್ಬ ಹಾಕಿದ ಅದೇ ಜೋಕೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಮೊದಲನೆಯವನನ್ನು ಕಾನೂನು ಬಿಡಬಾರದು. ಎರಡನೆಯವನನ್ನು ಹಿಡಿಯಲು ಹೊರಟರೆ ಠಾಣೆಗಳು ಅಂಥವರಿಂದಲೇ ತುಂಬಿಹೋಗುತ್ತವೆ, ಮೊದಲನೆಯವನು ಮಾತ್ರ ಎಂದಿನಂತೆ ವೇದಿಕೆಯ ಮೇಲೆಯೇ ಇರುತ್ತಾನೆ.

ಎರಡನೆಯ ಬಗೆಯವರಿಗೆ ಶಿಕ್ಷೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಒಂದು ನಿದರ್ಶನ ಕಣ್ಣೆದುರಿಗಿದೆ. ಸ್ಕಾಟ್ಲೆಂಡಿನ ಮಾರ್ಕ್ ಮೀಚನ್ ಎಂಬಾತ ತನ್ನ ಗೆಳತಿಯ ನಾಯಿಗೆ ನಾಜಿ ಸೆಲ್ಯೂಟ್ ಹೊಡೆಯುವುದನ್ನು ಕಲಿಸಿ, ಯಹೂದಿಗಳ ಹತ್ಯಾಕಾಂಡವನ್ನು ನೆನಪಿಸುವ ಮಾತುಗಳೊಂದಿಗೆ ವಿಡಿಯೊ ಹಾಕಿದ. ನನಗೆ ಅದು ಅಸಹ್ಯ. 2018 ರಲ್ಲಿ ಕೋರ್ಟ್ ಅವನಿಗೆ 800 ಪೌಂಡ್ ದಂಡ ಹಾಕಿತು. ಮರುವರ್ಷ ಅವನು ಯುರೋಪಿಯನ್ ಸಂಸತ್ತಿನ ಚುನಾವಣೆಗೆ ಅಭ್ಯರ್ಥಿಯಾಗಿ ನಿಂತ. ಗೆಲ್ಲಲಿಲ್ಲ, ನಿಜ, ಆದರೆ ಮೊಕದ್ದಮೆಯೇ ಇಲ್ಲದಿದ್ದರೆ ಅವನನ್ನು ಕೇಳುವವರು ಯಾರಿದ್ದರು? ಹತ್ಯಾಕಾಂಡದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಆ 800 ಪೌಂಡಿನಿಂದ ಏನೂ ಸಿಗಲಿಲ್ಲ, ವಿಡಿಯೊ ಹಾಕಿದವನಿಗೆ ಹುತಾತ್ಮನ ಪಟ್ಟ ಸಿಕ್ಕಿತು.

ಭಾರತದಲ್ಲಿ ಧಾರ್ಮಿಕ ಭಾವನೆಗೆ ಧಕ್ಕೆ, ಗುಂಪುಗಳ ನಡುವೆ ದ್ವೇಷ ಎಂಬ ಸೆಕ್ಷನ್ನುಗಳು ಈಗಿನ ನ್ಯಾಯ ಸಂಹಿತೆಯಲ್ಲೂ ಮುಂದುವರಿದಿವೆ. ಅವುಗಳನ್ನು ಪ್ರಯೋಗಿಸುವಾಗ ಯಾರ ಕಿವಿಯಿಂದ ಮಾತನ್ನು ಕೇಳಿಸಿಕೊಳ್ಳಬೇಕು ಎಂಬುದು ದೊಡ್ಡ ಪ್ರಶ್ನೆ. ಒಂದು ಕವಿತೆಯ ಮೇಲೆ ದಾಖಲಾಗಿದ್ದ ಎಫ್‌ಐಆರ್ ಅನ್ನು 2025 ರ ಮಾರ್ಚ್‌ನಲ್ಲಿ ರದ್ದುಪಡಿಸುತ್ತಾ ಸುಪ್ರೀಂ ಕೋರ್ಟ್, ವಿವೇಕವೂ ದೃಢತೆಯೂ ಧೈರ್ಯವೂ ಉಳ್ಳವರ ಮನಸ್ಸನ್ನು ಅಳತೆಯಾಗಿ ಇಟ್ಟುಕೊಳ್ಳಬೇಕೇ ಹೊರತು, ಎಲ್ಲದರಲ್ಲೂ ಅಪಾಯವನ್ನೇ ಕಾಣುವ ದುರ್ಬಲ ಮನಸ್ಸನ್ನಲ್ಲ ಎಂಬ ಹಳೆಯ ಮಾತನ್ನು ಮತ್ತೆ ನೆನಪಿಸಿದೆ. ದೂರು ಬರೆಯುವ ಮುನ್ನ ಆ ಮಾತನ್ನು ಒಮ್ಮೆ ಮನಸ್ಸಿನಲ್ಲಿ ಹಾಯಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಹುಳುಹುಪ್ಪಟೆ ಎಂದು ಕರೆದವರ ಮುಂದೆ ಸುಮ್ಮನಿರಿ ಎಂದು ಮಾತ್ರ ನಾನು ಹೇಳುತ್ತಿಲ್ಲ. ಅದು ನಿಮ್ಮ ಅಣ್ಣನೋ ಆತ್ಮೀಯ ಗೆಳೆಯನೋ ಕಳಿಸಿದ್ದಾದರೆ, 'ಇದರಲ್ಲಿ ನಗುವುದು ಏನಿದೆ, ಬಿಡಿಸಿ ಹೇಳು' ಎಂದು ಎಲ್ಲರೆದುರು ಕೇಳಿ. ಅಂಥ ಜೋಕುಗಳು ಬಿಡಿಸಿ ಹೇಳುವಾಗಲೇ ಸಾಯುತ್ತವೆ.

ಪ್ರಶ್ನೆ: ನಾನು ಒಂದು ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್. ಸದಸ್ಯರು ಹಾಕುವ ಜೋಕಿಗೆ ನನ್ನ ಮೇಲೆ ಕೇಸ್ ಆಗುತ್ತದೆಯೇ? ನಾನೇ ಫಾರ್ವರ್ಡ್ ಮಾಡಿದರೆ?

ಉತ್ತರ: ಇನ್ನೊಬ್ಬರು ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಹೊಣೆ ಬರುವುದಿಲ್ಲ ಎಂದು 2021 ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022 ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಫಾರ್ವರ್ಡ್ ಮಾಡುವುದು ಬೇರೆ ವಿಷಯ. 'ನಾನು ಓದದೆ ಕಳಿಸಿದೆ, ಬರೆದವರು ಬೇರೆ' ಎಂಬ ಸಮಜಾಯಿಷಿಯನ್ನು ಮದ್ರಾಸ್ ಹೈಕೋರ್ಟ್ 2023 ರಲ್ಲಿ ಒಪ್ಪಲಿಲ್ಲ. ಕಳಿಸಿದ ಸಂದೇಶವು ಬಿಲ್ಲಿನಿಂದ ಹೊರಟ ಬಾಣವಿದ್ದಂತೆ, ಕಳಿಸಿದವರೇ ಅದರ ಪರಿಣಾಮಕ್ಕೆ ಹೊಣೆ ಎಂಬ ಅರ್ಥದಲ್ಲಿ ಅದು ಮಾತನಾಡಿದೆ. ಹೊಣೆ ನೈತಿಕವಾಗಿ ಇದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಅಡ್ಮಿನ್ ಆಗಿ ನಿಮ್ಮ ಕೈಯಲ್ಲಿ ಸಂದೇಶ ಅಳಿಸುವ, ಸದಸ್ಯರನ್ನು ಹೊರಗಿಡುವ ಗುಂಡಿಗಳಿವೆ. ಅವನ್ನು ಬಳಸಲು ಯಾವ ಕೋರ್ಟಿನ ಅನುಮತಿಯೂ ಬೇಡ.

ಪ್ರಶ್ನೆ: ನನಗೆ ಈಗ ಇಪ್ಪತ್ತೊಂದು. ಹದಿನಾರನೇ ವಯಸ್ಸಿನಲ್ಲಿ ಸಹಪಾಠಿಯೊಬ್ಬಳ ಮೈಬಣ್ಣದ ಬಗ್ಗೆ ಒಂದು ಕೆಟ್ಟ ಜೋಕು ಪೋಸ್ಟ್ ಮಾಡಿದ್ದೆ. ಆಗ ಎಲ್ಲರೂ ನಕ್ಕಿದ್ದರು. ಮೊನ್ನೆ ಯಾರೋ ಅದರ ಸ್ಕ್ರೀನ್‌ಶಾಟ್ ನನಗೇ ಕಳಿಸಿದ್ದಾರೆ. ಜೈಲಾಗುತ್ತದೆಯೇ ಎಂಬ ಹೆದರಿಕೆಗಿಂತ, ಅದನ್ನು ಬರೆದವನು ನಾನೇ ಎಂಬುದು ನಿದ್ದೆಗೆಡಿಸುತ್ತಿದೆ. ಏನು ಮಾಡಲಿ?

ಉತ್ತರ: ಕಾನೂನಿನ ಮಟ್ಟಿಗೆ ಹೆಚ್ಚು ಹೆದರಬೇಕಿಲ್ಲ. ನೀವು ಆಗ ಅಪ್ರಾಪ್ತರು. ಜೊತೆಗೆ ಭಾರತದಲ್ಲಿ ಮೂರು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳನ್ನು ಕೋರ್ಟು ವಿಚಾರಣೆಗೆ ಎತ್ತಿಕೊಳ್ಳಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದೆ. ಸ್ಕ್ರೀನ್‌ಶಾಟ್ ತೋರಿಸಿ ಯಾರಾದರೂ ಹಣ ಕೇಳಿದರೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ. ಅದು ಸುಲಿಗೆ, ದೂರು ಕೊಡಬೇಕಾದವರು ಆಗ ನೀವು.

ಹಳೆಯ ಪೋಸ್ಟ್ ಇನ್ನೂ ಇದ್ದರೆ ಇಂದೇ ಅಳಿಸಿ. ಬಳಿಕ ಆ ಹುಡುಗಿಗೆ ಬರೆಯಿರಿ, ಅವಳೊಬ್ಬಳಿಗೇ. ಜಾಲತಾಣದ ಗೋಡೆಯ ಮೇಲೆ ಎಲ್ಲರೆದುರು ಕ್ಷಮೆ ಕೇಳಲು ಹೋದರೆ ಐದು ವರ್ಷದ ಹಿಂದಿನ ಮಾತನ್ನು ನೀವೇ ಮತ್ತೆ ಅವಳ ಮೇಲೆ ಎರಚಿದಂತಾಗುತ್ತದೆ. 'ನಿನಗೆ ನೋವಾಗಿದ್ದರೆ ಕ್ಷಮಿಸು' ಎಂದು ಬರೆಯಬೇಡಿ. ಆ 'ಆಗಿದ್ದರೆ' ಎಂಬ ಪದ ಇಡೀ ಪತ್ರವನ್ನು ಕೆಡಿಸುತ್ತದೆ. ಏನು ಬರೆದಿದ್ದಿರಿ, ಎಲ್ಲಿ ಹಾಕಿದ್ದಿರಿ, ಅದು ತಪ್ಪೆಂದು ಈಗ ತಿಳಿದಿದೆ, ಪೋಸ್ಟನ್ನು ಅಳಿಸಿದ್ದೇನೆ – ಇಷ್ಟು ಸಾಕು. ಉತ್ತರ ಕೇಳಬೇಡಿ. ಅವಳು ಬರೆಯದಿದ್ದರೆ ಮತ್ತೊಮ್ಮೆ ಬರೆಯಬೇಡಿ. ಅವಳು ಬರೆದು, ಆ ದಿನಗಳಲ್ಲಿ ತನಗೆ ಏನಾಯಿತೆಂದು ಹೇಳತೊಡಗಿದರೆ, ನಡುವೆ ಬಾಯಿ ಹಾಕದೆ ಕೊನೆಯವರೆಗೂ ಓದಿ.